ಓಡುವ ಕುದುರೆಯ ಉಸಿರು

ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಸುತ್ತಣ ಬಯಲಿನಲ್ಲಿ ಬೇಸಗೆಯ ಒಂದು ನಡುಹಗಲು ನಿಂತು ನೋಡಿದರೆ, ಉಸಿರಾಟದ ವಿಷಯದಲ್ಲಿ ಪುಸ್ತಕದ ನೆರವಿಲ್ಲದೆಯೇ ಒಂದು ಪಾಠವನ್ನು ಕಲಿಯಬಹುದು. ಕುರಿಮಂದೆಯ ಹಿಂದೆ ಓಡಿಬಂದ ನಾಯಿ ನಾಲಗೆಯನ್ನು ಹೊರಚಾಚಿ ಏದುತ್ತದೆ. ಹೊರೆಯೆಳೆದು ಬಸವಳಿದ ಎತ್ತು ಬಾಯಿ ತೆರೆದು, ಜೊಲ್ಲು ಸುರಿಸುತ್ತ ಉಸಿರಾಡುತ್ತದೆ. ಓಟದ ಪಂದ್ಯವನ್ನು ಮುಗಿಸಿದ ಶಾಲೆಯ ಹುಡುಗನೂ ಬಾಯಿಯಿಂದಲೇ ಗಾಳಿಯನ್ನು ಸೆಳೆದುಕೊಳ್ಳುತ್ತಾನೆ. ಮೂಗು ಸಾಲದೆ ಹೋದಾಗ ಬಾಯಿ ನೆರವಿಗೆ ಬರುವ ಸೌಕರ್ಯ ಇವರೆಲ್ಲರಿಗೂ ಉಂಟು.

ಈಗ ಅದೇ ಊರಿನಿಂದ ಚಳ್ಳಕೆರೆ, ಹಿರಿಯೂರುಗಳ ಮಾರ್ಗವಾಗಿ ದಕ್ಷಿಣಕ್ಕೆ ಬಂದು, ಬೆಂಗಳೂರಿನ ಅಥವಾ ಮೈಸೂರಿನ ಕುದುರೆ ಪಂದ್ಯದ ಬಯಲಿನಲ್ಲಿ ನಸುಕಿನ ಅಭ್ಯಾಸವನ್ನು ಮುಗಿಸಿ ನಿಂತ ಒಂದು ಕುದುರೆಯನ್ನು ನೋಡಿರಿ. ಮೈಯೆಲ್ಲ ಬೆವರಿನಿಂದ ತೊಯ್ದಿದೆ. ಪಕ್ಕೆಗಳು ತಿದಿಯಂತೆ ಏಳುತ್ತ ಬೀಳುತ್ತ ಇವೆ. ಮೂಗಿನ ಹೊಳ್ಳೆಗಳು ಕಹಳೆಯ ಬಾಯಿಯಂತೆ ಅರಳಿವೆ. ಆದರೆ ಎಷ್ಟೇ ದಣಿದಿದ್ದರೂ ಅದು ಬಾಯಿಯಿಂದ ಉಸಿರಾಡುವುದಿಲ್ಲ. ಲಗಾಮಿನ ಎಳೆತಕ್ಕೆ ಬಾಯಿ ತೆರೆದುಕೊಂಡರೂ ಆ ದಾರಿಯಿಂದ ಗಾಳಿ ಒಳಕ್ಕೆ ಹೋಗದು. ಕುದುರೆಗೆ ಉಸಿರಿನ ಬಾಗಿಲು ಒಂದೇ, ಅದು ಮೂಗು. ಆ ಒಂದು ದಾರಿಯಲ್ಲಿ ಎಲ್ಲಿಯಾದರೂ ಅಡ್ಡಿಯುಂಟಾದರೆ ಬೇರೆ ದಾರಿಯಿಲ್ಲ.

ಇಂಥ ಅಡ್ಡಿಗಳಲ್ಲಿ ಹಲವು ಕುದುರೆ ಓಡುವಾಗ ಮಾತ್ರ ಹುಟ್ಟುತ್ತವೆ, ನಿಂತಾಗ ಮಾಯವಾಗುತ್ತವೆ. ವೈದ್ಯನು ಲಾಯದಲ್ಲಿ ಪರೀಕ್ಷಿಸುವ ಕುದುರೆ ಆರೋಗ್ಯವಂತ ಕುದುರೆ. ಪಂದ್ಯದ ಕೊನೆಯ ಇನ್ನೂರು ಮೀಟರಿನಲ್ಲಿ ಉಸಿರುಗಟ್ಟಿ ಹಿಂದೆ ಬೀಳುವುದು ರೋಗದ ಕುದುರೆ. ಎರಡೂ ಒಂದೇ ಪ್ರಾಣಿ! ಹಾಗಾದರೆ ರೋಗವನ್ನು ಗುರುತಿಸುವುದು ಹೇಗೆ? ಇದೇ ಈ ಲೇಖನದ ವಿಷಯ.

ಕುದುರೆಯ ಉಸಿರಿನ ದಾರಿ

ಮನುಷ್ಯನ ಬಾಯಿಯೂ ಮೂಗೂ ಹಿಂದುಗಡೆ ಗಂಟಲೆಂಬ ಒಂದೇ ಚಾವಡಿಗೆ ತೆರೆಯುತ್ತವೆ. ಆದುದರಿಂದ ಯಾವ ದಾರಿಯಿಂದ ಬಂದ ಗಾಳಿಯಾದರೂ ಶ್ವಾಸನಾಳವನ್ನು ಸೇರಬಲ್ಲುದು. ಕುದುರೆಯ ರಚನೆ ಹೀಗಿಲ್ಲ. ನಮ್ಮ ಅಂಗುಳನ್ನು ನಾಲಗೆಯ ತುದಿಯಿಂದ ಮುಟ್ಟಿ ನೋಡಿಕೊಂಡರೆ ಮುಂದೆ ಗಟ್ಟಿಯಾದ ಭಾಗವೂ ಹಿಂದೆ ಮೆತ್ತನೆಯ ಭಾಗವೂ ಇರುವುದು ತಿಳಿಯುತ್ತದೆ. ಈ ಮೆತ್ತನೆಯ ಭಾಗಕ್ಕೆ ಮೃದುತಾಲು ಎಂದು ಹೆಸರು. ಕುದುರೆಯಲ್ಲಿ ಮೃದುತಾಲು ಬಲು ಉದ್ದ. ಅದು ಪರದೆಯಂತೆ ಹಿಂದಕ್ಕೆ ಚಾಚಿ ಧ್ವನಿಪೆಟ್ಟಿಗೆಯ ಸುತ್ತ ಬಿಗಿಯಾಗಿ ಕೂಡಿಕೊಳ್ಳುತ್ತದೆ. ಧ್ವನಿಪೆಟ್ಟಿಗೆಯ ಮುಂದುಗಡೆ ಎಪಿಗ್ಲಾಟಿಸ್ ಎಂಬ ಎಲೆಯ ಆಕಾರದ ಮೃದ್ವಸ್ಥಿಯ ಮುಚ್ಚಳವೊಂದಿದೆ. ಅದು ಮೃದುತಾಲುವಿನ ಮೇಲೆ ಒರಗಿಕೊಂಡಿರುತ್ತದೆ. ಅಂಗಿಯ ಗುಂಡಿಯು ಕಾಜದಲ್ಲಿ ಕೂತಿರುವಂತೆ ಧ್ವನಿಪೆಟ್ಟಿಗೆ ಮೃದುತಾಲುವಿನ ಕಂಡಿಯಲ್ಲಿ ಕೂತಿರುತ್ತದೆ ಎನ್ನಬಹುದು. ಹೀಗಾಗಿ ಮೇಲುಗಡೆ ಗಾಳಿಯ ದಾರಿ, ಕೆಳಗಡೆ ಮೇವಿನ ದಾರಿ ಎಂದು ಎರಡೂ ಬೇರೆಬೇರೆಯಾಗುತ್ತವೆ. ಮೇವನ್ನು ನುಂಗುವ ಕ್ಷಣದಲ್ಲಿ ಮಾತ್ರ ಗುಂಡಿ ಕಳಚಿಕೊಳ್ಳುತ್ತದೆ. ನುಂಗಿದೊಡನೆ ಸ್ವಸ್ಥಾನಕ್ಕೆ ಮರಳುತ್ತದೆ.

ಧ್ವನಿಪೆಟ್ಟಿಗೆಯ ಬಾಗಿಲಿಗೆ ಎಡಗಡೆ ಒಂದು, ಬಲಗಡೆ ಒಂದು, ಹೀಗೆ ಎರಡು ಕದಗಳುಂಟು. ಇವಕ್ಕೆ ಅರಿಟಿನಾಯ್ಡ್ ಮೃದ್ವಸ್ಥಿಗಳೆಂದು ಹೆಸರು. ಕುದುರೆ ಉಸಿರನ್ನು ಒಳಕ್ಕೆಳೆಯುವಾಗ ಒಂದೊಂದು ಸ್ನಾಯು ಒಂದೊಂದು ಕದವನ್ನು ಪಕ್ಕಕ್ಕೆ ಎಳೆದು ಬಾಗಿಲನ್ನು ಅಗಲಗೊಳಿಸುತ್ತದೆ. ಕುದುರೆ ಸುಮ್ಮನೆ ನಿಂತಿದ್ದಾಗ ಕದಗಳು ಅರ್ಧ ತೆರೆದಿದ್ದರೂ ಸಾಕು. ನಾಗಾಲೋಟದಲ್ಲಿ ಅವು ಪೂರ್ತಿಯಾಗಿ ತೆರೆದು, ತೆರೆದಂತೆಯೇ ನಿಲ್ಲಬೇಕು.

ಕಾಲು ಸೆಕೆಂಡಿನಲ್ಲಿ ಒಂದು ಕೊಡ ಗಾಳಿ

ಉಸಿರಿನ ಲೆಕ್ಕವನ್ನು ಸ್ವಲ್ಪ ಮಾಡಿ ನೋಡೋಣ. ಸುಮಾರು 500 ಕಿಲೋಗ್ರಾಂ ತೂಕದ ಕುದುರೆ ನಿಂತಿರುವಾಗ ನಿಮಿಷಕ್ಕೆ ಹನ್ನೆರಡು ಸಲ ಉಸಿರಾಡುತ್ತದೆ. ಒಂದೊಂದು ಉಸಿರಿಗೆ ಸುಮಾರು 5 ಲೀಟರು ಗಾಳಿ. ಎಂದರೆ ನಿಮಿಷಕ್ಕೆ 60 ಲೀಟರು. ಅದೇ ಕುದುರೆ ಪೂರ್ಣವೇಗದಲ್ಲಿ ಓಡುವಾಗ ನಿಮಿಷಕ್ಕೆ 120ಕ್ಕೂ ಹೆಚ್ಚು ಸಲ ಉಸಿರಾಡುತ್ತದೆ. ಒಂದೊಂದು ಉಸಿರಿಗೂ 12ರಿಂದ 15 ಲೀಟರು ಗಾಳಿ ಬೇಕು. ಒಟ್ಟು ಲೆಕ್ಕ ನಿಮಿಷಕ್ಕೆ 1,500 ಲೀಟರನ್ನು ಮೀರುತ್ತದೆ. ಇಷ್ಟು ಗಾಳಿ ಒಳಕ್ಕೆ ಹೋಗಲು ಸಿಗುವ ಅವಧಿ ಒಂದೊಂದು ಉಸಿರಿಗೆ ಕಾಲು ಸೆಕೆಂಡು ಮಾತ್ರ. ನೀರು ತರುವ ಒಂದು ಕೊಡದಷ್ಟು ಗಾಳಿಯನ್ನು ಕಾಲು ಸೆಕೆಂಡಿನಲ್ಲಿ ಒಳಕ್ಕೆ ಸೆಳೆದು, ಮುಂದಿನ ಕಾಲು ಸೆಕೆಂಡಿನಲ್ಲಿ ಹೊರಕ್ಕೆ ತಳ್ಳಬೇಕು!

ನಾಗಾಲೋಟದಲ್ಲಿ ಕುದುರೆಯ ಉಸಿರು ಅದರ ಹೆಜ್ಜೆಗೆ ಕಟ್ಟುಬಿದ್ದಿರುತ್ತದೆ ಎಂಬುದು ಇನ್ನೊಂದು ವಿಶೇಷ. ಮುಂಗಾಲುಗಳು ನೆಲಕ್ಕೆ ಬಿದ್ದಾಗ ಎದೆಯ ಮೇಲೆ ಭಾರ ಬಂದು ಉಸಿರು ಹೊರಬೀಳುತ್ತದೆ. ಮೈ ಮತ್ತೆ ಮುಂದಕ್ಕೆ ಚಾಚಿದಾಗ ಉಸಿರು ಒಳಸೇರುತ್ತದೆ. ಒಂದು ನೆಗೆತಕ್ಕೆ ಒಂದೇ ಉಸಿರು. ನಾವು ಏದುವಾಗ ಬೇಕೆಂದಷ್ಟು ಸಲ ಉಸಿರಾಡಬಹುದು. ಓಡುವ ಕುದುರೆಗೆ ಆ ಸ್ವಾತಂತ್ರ್ಯವಿಲ್ಲ. ಒಂದು ಉಸಿರು ಕುಂದಿತೆಂದರೆ ನಡುವೆ ಇನ್ನೊಂದನ್ನು ಸೇರಿಸಿಕೊಂಡು ಆ ಕೊರತೆಯನ್ನು ತುಂಬಿಕೊಳ್ಳಲು ಬರುವುದಿಲ್ಲ.

ಇನ್ನು ದಾರಿಯ ಅಗಲದ ವಿಷಯ. ಕೊಳವೆಯೊಂದರಲ್ಲಿ ನೀರಾಗಲಿ ಗಾಳಿಯಾಗಲಿ ಸಾವಕಾಶವಾಗಿ ಹರಿಯುವಾಗ, ಅದಕ್ಕೆ ಉಂಟಾಗುವ ತಡೆಯು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ ಎಂಬುದನ್ನು ಫ್ರಾನ್ಸಿನ ಪ್ವಾಸೇಯ್ ಎಂಬ ವೈದ್ಯನು 19ನೆಯ ಶತಮಾನದಲ್ಲಿ ಕಂಡುಹಿಡಿದನು. ತ್ರಿಜ್ಯವು ಐದರಲ್ಲಿ ಒಂದು ಪಾಲು ಕುಗ್ಗಿದರೆ ತಡೆಯು ಎರಡೂವರೆ ಪಟ್ಟಿಗೆ ಹತ್ತಿರವಾಗುತ್ತದೆ. ಅರ್ಧಕ್ಕೆ ಇಳಿದರೆ ಹದಿನಾರು ಪಟ್ಟಾಗುತ್ತದೆ. ಓಡುವ ಕುದುರೆಯ ಗಂಟಲಿನಲ್ಲಿ ಗಾಳಿ ಸಾವಕಾಶವಾಗಿ ಹರಿಯದೆ ಸುಳಿಸುಳಿಯಾಗಿ ನುಗ್ಗುವುದರಿಂದ ತಡೆಯು ಇದಕ್ಕಿಂತಲೂ ಹೆಚ್ಚು. ಆದಕಾರಣ ಲಾಯದಲ್ಲಿ ಲೆಕ್ಕಕ್ಕೇ ಬಾರದ ಒಂದು ಸಣ್ಣ ಅಡ್ಡಿ ಓಟದಲ್ಲಿ ಕುತ್ತಿಗೆಯನ್ನು ಹಿಸುಕಿದಂತಾಗಬಹುದು.

ಅದೂ ಅಲ್ಲದೆ, ಜೋರಾಗಿ ಉಸಿರೆಳೆದಾಗ ದಾರಿಯ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಬಹಳ ಕಡಮೆಯಾಗುತ್ತದೆ. ತೆಳು ಕಾಗದವನ್ನು ಸುರುಳಿ ಸುತ್ತಿ ಕೊಳವೆ ಮಾಡಿ, ಅದರ ಒಂದು ತುದಿಯನ್ನು ಬಾಯಲ್ಲಿಟ್ಟು ಇನ್ನೊಂದು ತುದಿಯನ್ನು ಬೆರಳಿನಿಂದ ಮುಕ್ಕಾಲು ಮುಚ್ಚಿ ಗಾಳಿಯನ್ನು ಎಳೆಯಿರಿ. ಮೆಲ್ಲಗೆ ಎಳೆದರೆ ಕೊಳವೆಗೆ ಏನೂ ಆಗುವುದಿಲ್ಲ. ಬಲವಾಗಿ ಎಳೆದರೆ ಅದರ ಗೋಡೆಗಳು ಒಳಕ್ಕೆ ಕುಸಿದು ಅಂಟಿಕೊಳ್ಳುತ್ತವೆ. ಕುದುರೆಯ ಗಂಟಲಿನ ಗೋಡೆಗಳೂ ಕದಗಳೂ ಹೀಗೆ ಕುಸಿಯದಂತೆ ಎತ್ತಿಹಿಡಿಯುವುವು ಸ್ನಾಯುಗಳು. ಸ್ನಾಯು ದುರ್ಬಲವಾದರೆ ಕುಸಿತ ತಪ್ಪದು. ಆದರೆ ಆ ಕುಸಿತ ಕಾಣಿಸಿಕೊಳ್ಳುವುದು ಬಲವಾಗಿ ಉಸಿರೆಳೆದಾಗ ಮಾತ್ರ.

ಗರ್ಜಿಸುವ ಕುದುರೆ

ಈ ರೋಗಗಳಲ್ಲಿ ಬಹುಕಾಲದಿಂದ ಪ್ರಸಿದ್ಧವಾದುದು ಕುದುರೆಯ ಗರ್ಜನೆ. ರೋಗಿಯಾದ ಕುದುರೆ ವೇಗವಾಗಿ ಓಡುವಾಗ, ಉಸಿರನ್ನು ಒಳಕ್ಕೆಳೆಯುವ ಪ್ರತಿಯೊಂದು ಸಲವೂ ಸಿಳ್ಳಿನಂತೆಯೋ ಗರಗಸದಿಂದ ಮರ ಕೊಯ್ದಂತೆಯೋ ಸದ್ದು ಮಾಡುತ್ತದೆ. ಕಾರಣವು ಧ್ವನಿಪೆಟ್ಟಿಗೆಯ ಎಡಗದವನ್ನು ತೆರೆಯುವ ಸ್ನಾಯು ಸೊರಗಿರುವುದು. ಆ ಸ್ನಾಯು ಸೊರಗಲು ಕಾರಣ ಅದಕ್ಕೆ ಆಜ್ಞೆಯನ್ನು ತರುವ ನರ ಕೆಟ್ಟಿರುವುದು.

ಬಹುಮಟ್ಟಿಗೆ ಎಡಗಡೆಗೇ ಈ ತೊಂದರೆ ಏತಕ್ಕೆ? ಮಿದುಳಿನಿಂದ ಹೊರಟ ಎಡನರವು ಧ್ವನಿಪೆಟ್ಟಿಗೆಯ ಪಕ್ಕದಲ್ಲಿಯೇ ಹಾಯ್ದುಹೋದರೂ ಅಲ್ಲಿ ನಿಲ್ಲದೆ, ಕುತ್ತಿಗೆಯ ಉದ್ದಕ್ಕೂ ಕೆಳಗಿಳಿದು, ಎದೆಯೊಳಗೆ ಮಹಾಧಮನಿಯನ್ನು ಬಳಸಿಕೊಂಡು, ಮತ್ತೆ ಕುತ್ತಿಗೆಯನ್ನು ಹತ್ತಿ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಬಲನರವೂ ಹೀಗೆಯೇ ಹಿಂದಿರುಗುವುದಾದರೂ ಅದು ಅಷ್ಟು ದೂರ ಹೋಗುವುದಿಲ್ಲ. ದೊಡ್ಡ ಕುದುರೆಯಲ್ಲಿ ಎಡನರದ ಉದ್ದ 2 ಮೀಟರನ್ನು ಮೀರುತ್ತದೆ. ಉದ್ದವಾದ ನರತಂತುಗಳು ತಮ್ಮ ಬುಡದಿಂದ ಬಲು ದೂರದ ತುದಿಯಲ್ಲಿ ಮೊದಲು ಕ್ಷೀಣಿಸುತ್ತವೆ. ಎತ್ತರವಾದ, ಉದ್ದ ಕುತ್ತಿಗೆಯ ತಳಿಗಳಲ್ಲಿ ಈ ರೋಗ ಹೆಚ್ಚು. ಗಿಡ್ಡ ತಟ್ಟುಗಳಲ್ಲಿ ಅಪರೂಪ. ಹಿಂದಿರುಗಿ ಬರುವ ಈ ನರವನ್ನು 2ನೆಯ ಶತಮಾನದಲ್ಲಿಯೇ ಗೇಲನ್ ಎಂಬ ವೈದ್ಯನು ಪ್ರಾಣಿಗಳಲ್ಲಿ ಕಂಡು ವರ್ಣಿಸಿದ್ದನು.

ಪಂದ್ಯದ ಕುದುರೆಗಳಾದ ಥರೋಬ್ರೆಡ್ ತಳಿ ಎತ್ತರವಾದುದು. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕಾಗಿ ಕುದುರೆಗಳನ್ನು ಸಾಕಿದ ತುಮಕೂರು ಜಿಲ್ಲೆಯ ಕುಣಿಗಲ್ಲಿನ ಕುದುರೆ ಫಾರಂ 20ನೆಯ ಶತಮಾನದಲ್ಲಿ ಈ ತಳಿಯ ಓಟದ ಕುದುರೆಗಳಿಗೆ ಹೆಸರಾಯಿತು. ಇಂಗ್ಲೆಂಡಿನ ಆರ್ಮಂಡ್ ಎಂಬ ಕುದುರೆ ಇದೇ ತಳಿಯದು. 1886ರಲ್ಲಿ ಅಲ್ಲಿನ ಮೂರು ಮಹಾಪಂದ್ಯಗಳನ್ನೂ ಗೆದ್ದ ಆ ಕುದುರೆ ತನ್ನ ಜೀವಮಾನದಲ್ಲಿ ಒಮ್ಮೆಯೂ ಸೋಲಲಿಲ್ಲ; ಆದರೂ ಅದು ಗರ್ಜನೆಯ ರೋಗಕ್ಕೆ ತುತ್ತಾಗಿತ್ತು. ರೋಗವಿದ್ದ ಮಾತ್ರಕ್ಕೆ ಕುದುರೆ ನಿಷ್ಪ್ರಯೋಜಕವೆಂದು ತೀರ್ಮಾನಿಸಲಾಗದು. ಅಡ್ಡಿಯು ಎಷ್ಟರಮಟ್ಟಿನದು ಎಂಬುದನ್ನು ಅಳೆಯಬೇಕಾಗುತ್ತದೆ.

ಬಂದು ಮಾಯವಾಗುವ ಅಡ್ಡಿ

ಗರ್ಜನೆಗಿಂತಲೂ ಕಪಟಿಯಾದ ಇನ್ನೊಂದು ತೊಂದರೆಯುಂಟು. ಅದು ಮೃದುತಾಲುವಿನ ಸ್ಥಾನಪಲ್ಲಟ. ಗುಂಡಿ ಕಾಜದಿಂದ ಕಳಚಿಕೊಳ್ಳುವುದು ನುಂಗುವಾಗ ಮಾತ್ರವೆಂದು ಹೇಳಿದೆವಷ್ಟೆ. ಕೆಲವು ಕುದುರೆಗಳಲ್ಲಿ, ಓಟದ ಶ್ರಮ ಪರಾಕಾಷ್ಠೆಗೆ ಏರಿದಾಗ, ನುಂಗದೆಯೇ ಅದು ಕಳಚಿಕೊಳ್ಳುತ್ತದೆ. ಎಪಿಗ್ಲಾಟಿಸಿನ ಕೆಳಗೆ ಇರಬೇಕಾದ ಮೃದುತಾಲುವಿನ ಅಂಚು ಮೇಲಕ್ಕೆ ಬಂದು ದಾರಿಗೆ ಅಡ್ಡವಾಗುತ್ತದೆ. ಕುದುರೆ ಉಸಿರನ್ನು ಹೊರಕ್ಕೆ ಬಿಡುವಾಗ ಈ ಅಂಚು ಗಾಳಿಗೆ ಸಿಕ್ಕಿ ಹಾಯಿಬಟ್ಟೆಯಂತೆ ಉಬ್ಬಿ ಪಟಪಟನೆ ಬಡಿಯುತ್ತದೆ, ಗೊರಗೊರನೆ ಸದ್ದಾಗುತ್ತದೆ. ಮುನ್ನುಗ್ಗುತ್ತಿದ್ದ ಕುದುರೆ ಗೋಡೆಗೆ ತಾಗಿತೋ ಎಂಬಂತೆ ಥಟ್ಟನೆ ವೇಗವನ್ನು ಕಳೆದುಕೊಳ್ಳುತ್ತದೆ. ಒಂದೆರಡು ಸಲ ನುಂಗಿದೊಡನೆ ಎಲ್ಲವೂ ಸರಿಹೋಗುತ್ತದೆ. ಲಾಯಕ್ಕೆ ಬರುವ ಹೊತ್ತಿಗೆ ರೋಗದ ಗುರುತೇ ಇರುವುದಿಲ್ಲ.

ಇವೆರಡಲ್ಲದೆ ಇತರ ಅಡ್ಡಿಗಳೂ ಇವೆ. ಎಪಿಗ್ಲಾಟಿಸಿನ ಬುಡದಲ್ಲಿರುವ ತೆಳುಪೊರೆ ಮೇಲಕ್ಕೆ ಮಡಿಸಿ ಅದನ್ನು ಚೀಲದಂತೆ ಮುಚ್ಚಬಹುದು. ಎಪಿಗ್ಲಾಟಿಸಿನಿಂದ ಕದಗಳವರೆಗೆ ಹಬ್ಬಿರುವ ಪೊರೆಯ ಮಡಿಕೆಗಳು ಓಟದಲ್ಲಿ ಸಡಿಲಿ ನಡುದಾರಿಗೆ ಬಾಗಬಹುದು. ಧ್ವನಿತಂತುಗಳು ಒಳಕ್ಕೆ ಸರಿಯಬಹುದು. ಗಂಟಲಿನ ಗೋಡೆಗಳೇ ಕುಸಿಯಬಹುದು. ಒಂದೇ ಕುದುರೆಯಲ್ಲಿ ಇವುಗಳಲ್ಲಿ ಎರಡು ಮೂರು ಕೂಡಿ ಬರುವುದೂ ಉಂಟು.

ಕಿವಿಯ ಮತ್ತು ಕೈಯ ಪರೀಕ್ಷೆ

ಭಾರತದಲ್ಲಿ ಅಶ್ವವೈದ್ಯಕ್ಕೆ ಹಳೆಯ ಪರಂಪರೆಯಿದೆ. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರಿನ ಶಾಸ್ತ್ರವಿದೆ. ಕನ್ನಡದಲ್ಲಿಯೂ ಅಭಿನವಚಂದ್ರನೆಂಬ ಕವಿ ‘ಅಶ್ವವೈದ್ಯ’ವೆಂಬ ಗ್ರಂಥವನ್ನು ರಚಿಸಿದ್ದಾನೆ. ಹಿಂದಿನ ವೈದ್ಯರಿಗೆ ಇದ್ದ ಉಪಕರಣಗಳು ಕಣ್ಣು, ಕಿವಿ, ಕೈಗಳು. ಇಂದಿಗೂ ಪರೀಕ್ಷೆ ಆರಂಭವಾಗುವುದು ಇವುಗಳಿಂದಲೇ.

ಮೊದಲು ಸವಾರನನ್ನೂ ಸಾಕುವವನನ್ನೂ ವಿಚಾರಿಸಬೇಕು. ಸದ್ದು ಯಾವಾಗ ಬರುತ್ತದೆ? ಓಟದ ಆರಂಭದಿಂದಲೇ ಬಂದು ವೇಗದೊಡನೆ ಏರುವುದೋ, ಕೊನೆಯಲ್ಲಿ ಥಟ್ಟನೆ ಬರುವುದೋ? ಉಸಿರೆಳೆಯುವಾಗಿನದೋ ಬಿಡುವಾಗಿನದೋ? ಕೊನೆಯ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ. ಮುಂಗಾಲು ನೆಲಕ್ಕೆ ಬಿದ್ದಾಗ ಉಸಿರು ಹೊರಬೀಳುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಸದ್ದನ್ನು ಹೆಜ್ಜೆಯೊಡನೆ ಹೋಲಿಸಿ ನೋಡಬಹುದು. ಎಳೆಯುವಾಗಿನ ಸಿಳ್ಳು ಅಥವಾ ಗರ್ಜನೆಯು ಕದಗಳ ಕಡೆಗೆ ಬೆರಳು ತೋರಿಸುತ್ತದೆ. ಬಿಡುವಾಗಿನ ಗೊರಗೊರ ಸದ್ದು ಮೃದುತಾಲುವಿನ ಕಡೆಗೆ. ಈಚಿನ ದಶಕಗಳಲ್ಲಿ ಕುದುರೆಯ ಮೂಗಿನ ಬಳಿ ಸಣ್ಣ ಧ್ವನಿಗ್ರಾಹಕವನ್ನು ಕಟ್ಟಿ, ಸದ್ದನ್ನು ಮುದ್ರಿಸಿ, ಅದರಲ್ಲಿ ಯಾವ ಯಾವ ಕಂಪನಗಳು ಎಷ್ಟೆಷ್ಟಿವೆಯೆಂದು ವಿಂಗಡಿಸಿ ನೋಡುವ ಕ್ರಮವೂ ಬಂದಿದೆ.

ಆದರೆ ಕಿವಿಯನ್ನು ಪೂರ್ತಿಯಾಗಿ ನಂಬುವ ಹಾಗಿಲ್ಲ. ಆರೋಗ್ಯವಂತ ಕುದುರೆಗಳಲ್ಲಿ ಅನೇಕವು ಮೂಗಿನ ಹೊಳ್ಳೆಯ ಮಡಿಕೆಗಳನ್ನು ಪಟಪಟಿಸಿ ದೊಡ್ಡ ಸದ್ದನ್ನು ಮಾಡುವುದುಂಟು. ಅದರಿಂದ ಯಾವ ಬಾಧೆಯೂ ಇಲ್ಲ. ಮೃದುತಾಲು ಪಲ್ಲಟಗೊಂಡರೂ ಸದ್ದೇ ಮಾಡದ ಕುದುರೆಗಳೂ ಇವೆ. ಸದ್ದಿರುವಲ್ಲಿ ರೋಗವಿಲ್ಲದಿರಬಹುದು, ರೋಗವಿರುವಲ್ಲಿ ಸದ್ದಿಲ್ಲದಿರಬಹುದು.

ವೈದ್ಯನು ಕುದುರೆಯ ಗಂಟಲನ್ನು ಹೊರಗಿನಿಂದ ಎರಡು ಕೈಗಳಿಂದಲೂ ಮುಟ್ಟಿ ನೋಡುತ್ತಾನೆ. ಎಡಗಡೆಯ ಸ್ನಾಯು ಸೊರಗಿದ್ದರೆ ಅದರ ಕೆಳಗಿನ ಮೃದ್ವಸ್ಥಿಯ ಗಂಟು ಬಲಗಡೆಗಿಂತ ಚೂಪಾಗಿ ಬೆರಳಿಗೆ ಸಿಕ್ಕುತ್ತದೆ. ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಕಳುಹಿಸಿ ಸ್ನಾಯುವಿನ ಚಿತ್ರವನ್ನು ಪಡೆಯುವುದೂ ಈಗ ಸಾಧ್ಯ. ಸೊರಗಿದ ಸ್ನಾಯು ಆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಇವೆಲ್ಲದರ ಜೊತೆಗೆ ಕಾಲಿನ ಕುಂಟು, ಹೃದಯದ ದೋಷ, ಶ್ವಾಸಕೋಶದಲ್ಲಿ ರಕ್ತಸ್ರಾವ, ದೂಳಿನಿಂದ ಬಂದ ಉಬ್ಬಸ ಮೊದಲಾದುವು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಓಟದಲ್ಲಿ ಹಿಂದೆ ಬಿದ್ದ ಕುದುರೆಗಳೆಲ್ಲ ಗಂಟಲಿನ ರೋಗಿಗಳಲ್ಲ.

ನಿಂತ ಕುದುರೆಯ ಸಾಕ್ಷ್ಯ

ಜೀವಂತ ಪ್ರಾಣಿಯ ಧ್ವನಿಪೆಟ್ಟಿಗೆಯನ್ನು ಕಣ್ಣಾರೆ ಕಾಣುವ ಮಾರ್ಗವನ್ನು ತೋರಿಸಿಕೊಟ್ಟವನು ಸಂಗೀತದ ಗುರು ಮಾನುವೆಲ್ ಗಾರ್ಸಿಯಾ. 1854ರಲ್ಲಿ ಆತನು ದಂತವೈದ್ಯರ ಪುಟ್ಟ ಕನ್ನಡಿಯನ್ನು ತನ್ನ ಗಂಟಲಿಗೆ ಹಿಡಿದು, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತನ್ನ ಧ್ವನಿತಂತುಗಳನ್ನು ತಾನೇ ನೋಡಿದನು. ಬಾಯಿಯಿಂದ ನೇರವಾಗಿ ಕಾಣಿಸದ ಕುದುರೆಯ ಧ್ವನಿಪೆಟ್ಟಿಗೆಗೆ ಈ ಉಪಾಯ ಸಾಲದು. ಅದಕ್ಕೆ ಬಾಗುವ ಕೊಳವೆಯಲ್ಲಿ ಬೆಳಕನ್ನು ಸಾಗಿಸುವ ವಿದ್ಯೆ ಬೇಕಾಯಿತು. 1954ರಲ್ಲಿ ಲಂಡನ್ನಿನಲ್ಲಿ ಹಾಪ್‌ಕಿನ್ಸ್ ಎಂಬ ವಿಜ್ಞಾನಿಯೂ ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರೂ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ತೋರಿಸಿದರು. 1957ರಲ್ಲಿ ಅಮೆರಿಕದಲ್ಲಿ ಹಿರ್ಷೋವಿಟ್ಸ್ ಎಂಬ ವೈದ್ಯರು ಇಂಥ ಎಳೆಗಳಿಂದಾದ ಅಂತರ್ದರ್ಶಕವನ್ನು ಬಳಕೆಗೆ ತಂದರು. 1970ರ ದಶಕದಿಂದ ಈ ಉಪಕರಣ ಕುದುರೆಗಳ ವೈದ್ಯರ ಕೈಗೂ ಬಂದಿತು.

ಅಂತರ್ದರ್ಶಕವನ್ನು ಕುದುರೆಯ ಮೂಗಿನ ಹೊಳ್ಳೆಯಿಂದ ತೂರಿಸಿ ಗಂಟಲಿನವರೆಗೆ ಕೊಂಡೊಯ್ಯುತ್ತಾರೆ. ಆದಷ್ಟು ಮಟ್ಟಿಗೆ ಮಂಪರಿನ ಔಷಧವನ್ನು ಕೊಡುವುದಿಲ್ಲ. ಏಕೆಂದರೆ ಅದು ಸ್ನಾಯುಗಳನ್ನು ಸಡಿಲಿಸಿ ಆರೋಗ್ಯವಂತ ಕದವನ್ನೂ ದುರ್ಬಲವೆಂದು ತೋರಿಸೀತು. ಸ್ವಲ್ಪ ನೀರನ್ನು ಚಿಮ್ಮಿಸಿ ಕುದುರೆ ನುಂಗುವಂತೆ ಮಾಡುತ್ತಾರೆ. ಹೊಳ್ಳೆಗಳನ್ನು ಕೆಲವು ಸೆಕೆಂಡುಗಳ ಕಾಲ ಕೈಯಿಂದ ಮುಚ್ಚಿ ಬಿಡುತ್ತಾರೆ. ಆಗ ಕುದುರೆ ಬಲವಾಗಿ ಉಸಿರೆಳೆಯಲು ಯತ್ನಿಸುವುದರಿಂದ ಓಟದ ಸ್ಥಿತಿಯ ಒಂದು ನೆರಳು ಕಾಣಿಸಿಕೊಳ್ಳುತ್ತದೆ.

ಕದಗಳ ಚಲನೆಯನ್ನು ವರ್ಣಿಸಲು ತಜ್ಞರು 2003ರಲ್ಲಿ ನಾಲ್ಕು ದರ್ಜೆಗಳ ಕ್ರಮವೊಂದನ್ನು ಒಪ್ಪಿಕೊಂಡರು. ಎರಡು ಕದಗಳೂ ಒಟ್ಟಿಗೆ, ಸಮನಾಗಿ, ಪೂರ್ತಿ ತೆರೆದರೆ ಮೊದಲನೆಯ ದರ್ಜೆ. ಚಲನೆಯಲ್ಲಿ ಹಿಂದುಮುಂದಾದರೂ ಎಡಗದ ಪೂರ್ತಿ ತೆರೆದು ನಿಲ್ಲಬಲ್ಲುದಾದರೆ ಎರಡನೆಯದು. ಪೂರ್ತಿ ತೆರೆಯಲಾರದೆ ಅಥವಾ ತೆರೆದು ನಿಲ್ಲಲಾರದೆ ಹೋದರೆ ಮೂರನೆಯದು. ಅಲುಗದೆಯೇ ಇದ್ದರೆ ನಾಲ್ಕನೆಯದು. ನಾಲ್ಕನೆಯ ದರ್ಜೆಯ ಕುದುರೆಯ ವಿಷಯದಲ್ಲಿ ಸಂಶಯವಿಲ್ಲ. ಓಟದಲ್ಲಿ ಆ ಕದ ಕುಸಿಯುತ್ತದೆ. ಮೊದಲೆರಡು ದರ್ಜೆಗಳವು ಸಾಮಾನ್ಯವಾಗಿ ಸಮರ್ಥವಾಗಿರುತ್ತವೆ. ತೊಡಕಿರುವುದು ಮೂರನೆಯದರಲ್ಲಿ. ಒಂದು ಕುದುರೆಯ ಕದ ಓಟದ ಸೆಳೆತವನ್ನು ತಾಳಿಕೊಳ್ಳುತ್ತದೆ, ಅದೇ ದರ್ಜೆಯ ಇನ್ನೊಂದರ ಕದ ಕುಸಿಯುತ್ತದೆ. ನಿಂತ ಕುದುರೆಯನ್ನು ಎಷ್ಟು ಹೊತ್ತು ನೋಡಿದರೂ ಯಾವುದು ಯಾವ ಬಗೆಯದೆಂದು ಹೇಳಲಾಗದು. ಮೃದುತಾಲುವಿನ ಪಲ್ಲಟದಲ್ಲಂತೂ ನಿಂತ ಕುದುರೆಯ ಸಾಕ್ಷ್ಯ ಇನ್ನೂ ದುರ್ಬಲ. ನಿಂತಾಗ ನಿರ್ದೋಷಿಯಾಗಿ ಕಾಣುವ ಗಂಟಲು ಓಟದಲ್ಲಿ ಮುಚ್ಚಿಕೊಳ್ಳಬಹುದು. ನಿಂತಾಗ ಒಮ್ಮೆ ಪಲ್ಲಟಗೊಂಡದ್ದು ಓಟದಲ್ಲಿ ಸ್ವಸ್ಥಾನದಲ್ಲಿಯೇ ಇರಬಹುದು.

ಓಡುವಾಗಲೇ ನೋಡುವ ಬಗೆ

ಹಾಗಾದರೆ ಓಡುವ ಕುದುರೆಯ ಗಂಟಲನ್ನು ನೋಡುವುದು ಹೇಗೆ? ಅದರೊಡನೆ ವೈದ್ಯನು ಓಡಲಾರನಷ್ಟೆ! ಇದಕ್ಕೆ ದೊರೆತ ಮೊದಲನೆಯ ಉತ್ತರ, ಕುದುರೆಯನ್ನು ಇದ್ದಲ್ಲಿಯೇ ಓಡಿಸುವುದು. ಯಂತ್ರದಿಂದ ಸುತ್ತುವ ಅಗಲವಾದ ಪಟ್ಟಿಯ ಮೇಲೆ ಕುದುರೆಯನ್ನು ನಿಲ್ಲಿಸಿ ಪಟ್ಟಿಯನ್ನು ಹಿಂದಕ್ಕೆ ಚಲಿಸುವಂತೆ ಮಾಡಿದರೆ, ಕುದುರೆ ಮುಂದಕ್ಕೆ ಓಡುತ್ತಿದ್ದರೂ ಸ್ಥಳ ಬಿಟ್ಟು ಕದಲುವುದಿಲ್ಲ. 1960ರ ದಶಕದಲ್ಲಿ ಸ್ವೀಡನ್ನಿನ ಪಶುವೈದ್ಯ ಪೆರ್ಸನ್ ಇಂಥ ಓಟದ ಪಟ್ಟಿಯ ಮೇಲೆ ಕುದುರೆಗಳ ರಕ್ತವನ್ನೂ ಕಾರ್ಯಸಾಮರ್ಥ್ಯವನ್ನೂ ಅಭ್ಯಸಿಸಿದರು. ಮುಂದೆ ವೇಗದ ಪಟ್ಟಿಗಳೂ ಸಣ್ಣ ದೂರದರ್ಶನ ಕ್ಯಾಮರಾಗಳೂ ಬಂದಾಗ, ಓಡುತ್ತಿರುವ ಕುದುರೆಯ ಮೂಗಿನಲ್ಲಿ ಅಂತರ್ದರ್ಶಕವನ್ನಿರಿಸಿ ಚಿತ್ರವನ್ನು ತೆಗೆಯುವುದು ಸಾಧ್ಯವಾಯಿತು. ಚಿತ್ರವನ್ನು ಬಳಿಕ ನಿಧಾನವಾಗಿ ಚಲಿಸುವಂತೆ ಮಾಡಿ ಒಂದೊಂದು ಉಸಿರನ್ನೂ ಪರೀಕ್ಷಿಸಬಹುದು. ಅಲ್ಲಿಯವರೆಗೆ ಊಹೆಯಾಗಿದ್ದ ಅನೇಕ ಸಂಗತಿಗಳು ಹೀಗೆ ಕಣ್ಣಿಗೆ ಕಂಡುವು. ಪೊರೆಯ ಮಡಿಕೆಗಳು ಓಟದಲ್ಲಿ ದಾರಿಗೆ ಬಾಗುವುದು ಮೊದಲು ಸ್ಪಷ್ಟವಾದುದು ಈ ಬಗೆಯ ಪರೀಕ್ಷೆಯಿಂದಲೇ.

ಆದರೆ ಓಟದ ಪಟ್ಟಿ ಬಹು ದುಬಾರಿ. ಅದಕ್ಕೆ ಕಟ್ಟಡವೂ ನುರಿತ ಜನರೂ ಬೇಕು; ಕುದುರೆಗೂ ಅದರ ಮೇಲೆ ಓಡುವ ಅಭ್ಯಾಸವಾಗಬೇಕು. ಅಲ್ಲಿ ಬೆನ್ನಿನ ಮೇಲೆ ಸವಾರನಿಲ್ಲ. ಲಗಾಮಿನ ಎಳೆತದಿಂದ ಕುತ್ತಿಗೆ ಬಾಗುವುದಿಲ್ಲ. ಪಕ್ಕದಲ್ಲಿ ಪೈಪೋಟಿಗೆ ಇನ್ನೊಂದು ಕುದುರೆಯಿಲ್ಲ. ಕುತ್ತಿಗೆ ಬಾಗಿದಾಗ ಗಂಟಲಿನ ದಾರಿ ಕಿರಿದಾಗುವುದರಿಂದ ಸವಾರಿಯ ಕುದುರೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಎರಡನೆಯ ಉತ್ತರ 2008ರಿಂದೀಚೆಗೆ ಬಳಕೆಗೆ ಬಂದಿತು. ಅದು ಉಪಕರಣವನ್ನೇ ಕುದುರೆಯ ಮೇಲೆ ಹೊರಿಸುವುದು. ತೆಳುವಾದ ಅಂತರ್ದರ್ಶಕವನ್ನು ಮೂಗಿನ ಮೂಲಕ ತೂರಿಸಿ ಕಡಿವಾಣದ ಪಟ್ಟಿಗಳಿಗೆ ಭದ್ರವಾಗಿ ಕಟ್ಟುತ್ತಾರೆ. ಅದರ ತುದಿಯಲ್ಲಿ ದೀಪವೂ ಕ್ಯಾಮರಾವೂ ಇವೆ. ವಿದ್ಯುತ್ಕೋಶ, ಕ್ಯಾಮರಾದ ಗಾಜನ್ನು ತೊಳೆಯುವ ಪುಟ್ಟ ಪಂಪು, ಚಿತ್ರಗಳನ್ನು ಮುದ್ರಿಸಿಕೊಂಡು ರೇಡಿಯೋ ಅಲೆಗಳ ಮೂಲಕ ಕಳುಹಿಸುವ ಸಾಧನ ಇವು ಜೀನಿನ ಕೆಳಗಿನ ಹಾಸಿನಲ್ಲಿ ಅಡಗಿರುತ್ತವೆ. ಸವಾರನು ಎಂದಿನಂತೆ ಕುದುರೆಯನ್ನು ಎಂದಿನ ನೆಲದ ಮೇಲೆ ಓಡಿಸುತ್ತಾನೆ. ಓಟದ ವೇಗವನ್ನೂ ಹೃದಯದ ಬಡಿತವನ್ನೂ ಜೊತೆಯಲ್ಲಿಯೇ ಗುರುತಿಸಿಕೊಂಡರೆ, ಯಾವ ವೇಗದಲ್ಲಿ, ಎಷ್ಟು ದೂರ ಓಡಿದ ಮೇಲೆ ಅಡ್ಡಿ ಬಂತೆಂದು ಹೇಳಬಹುದು.

ಈ ವಿಧಾನಕ್ಕೂ ಮಿತಿಯಿದೆ. 1,200 ಮೀಟರಿನ ಪಂದ್ಯವನ್ನು ಒಳ್ಳೆಯ ಕುದುರೆ 72 ಸೆಕೆಂಡುಗಳ ಆಸುಪಾಸಿನಲ್ಲಿ ಓಡಿ ಮುಗಿಸುತ್ತದೆ. ಆ ಅವಧಿಯಲ್ಲಿ ಅದು ಸುಮಾರು ನೂರೈವತ್ತು ಸಲ ಉಸಿರಾಡುತ್ತದೆ. ರೋಗ ಬಯಲಾಗುವುದು ಕೊನೆಯ ಇಪ್ಪತ್ತು ಉಸಿರುಗಳಲ್ಲಿ ಎಂದಿಟ್ಟುಕೊಳ್ಳೋಣ. ಪರೀಕ್ಷೆಯ ದಿನ ಸವಾರನು ಅಷ್ಟು ಬಿರುಸಾಗಿ, ಅಷ್ಟು ದೂರ ಓಡಿಸದೆ ಹೋದರೆ ಚಿತ್ರದಲ್ಲಿ ಏನೂ ಕಾಣಿಸದು. ಏನೂ ಕಾಣಲಿಲ್ಲವೆಂಬ ಮಾತಿಗೆ, ರೋಗವು ಕಾಣಿಸಿಕೊಳ್ಳತಕ್ಕ ಸ್ಥಿತಿಯಲ್ಲಿ ನೋಡಿದಾಗ ಮಾತ್ರ ಬೆಲೆ. ವೈದ್ಯಕ್ಕಷ್ಟೇ ಅಲ್ಲದೆ ಪ್ರಯೋಗದ ವಿಜ್ಞಾನಗಳಿಗೆಲ್ಲ ಅನ್ವಯಿಸುವ ನಿಯಮವಿದು. ಮನುಷ್ಯರಲ್ಲಿಯೂ ಹೃದಯದ ಕೆಲವು ದೋಷಗಳು ಮಲಗಿದ್ದಾಗ ಕಾಣದೆ ಶ್ರಮದಲ್ಲಿ ಮಾತ್ರ ಕಾಣುವುದರಿಂದಲೇ, ಆಸ್ಪತ್ರೆಗಳಲ್ಲಿ ರೋಗಿಯನ್ನು ಓಟದ ಪಟ್ಟಿಯ ಮೇಲೆ ನಡೆಯಿಸಿ ಹೃದಯದ ವಿದ್ಯುಲ್ಲೇಖವನ್ನು ತೆಗೆಯುತ್ತಾರೆ.

ತಪ್ಪು ನಿದಾನದ ಬೆಲೆ

ಇಷ್ಟೆಲ್ಲ ಶ್ರಮ ಏತಕ್ಕೆ ಎಂದು ವಾಚಕರು ಕೇಳಬಹುದು. ರೋಗವು ಯಾವುದೆಂಬುದರ ಮೇಲೆ ಚಿಕಿತ್ಸೆ ನಿಂತಿದೆ. ಕುಸಿಯುವ ಎಡಗದವನ್ನು ದಾರದಿಂದ ಹಿಂದಕ್ಕೆ ಕಟ್ಟಿ ಶಾಶ್ವತವಾಗಿ ತೆರೆದಿಡುವ ಶಸ್ತ್ರಚಿಕಿತ್ಸೆಯೊಂದಿದೆ. 1970ರಿಂದ ಅದು ರೂಢಿಯಲ್ಲಿದೆ. ಗರ್ಜಿಸುವ ಕುದುರೆಗೆ ಅದು ಉಪಕಾರಿ. ಆದರೆ ಕದವನ್ನು ತೆರೆದೇ ಇಟ್ಟರೆ ಮೇವಿನ ಕಣಗಳು ಶ್ವಾಸನಾಳಕ್ಕೆ ಇಳಿದು ಕುದುರೆ ಕೆಮ್ಮತೊಡಗಬಹುದು. ನಿಜವಾದ ತೊಂದರೆ ಮೃದುತಾಲುವಿನಲ್ಲಿದ್ದು, ವೈದ್ಯನು ಕದವನ್ನು ಕಟ್ಟಿದನೆಂದರೆ ಹಳೆಯ ರೋಗ ಹಾಗೆಯೇ ಉಳಿದು ಹೊಸದೊಂದು ಸೇರಿದಂತಾಯಿತು.

ಏನನ್ನೂ ಪರೀಕ್ಷಿಸದೆ ಇರುವುದು ಇನ್ನೂ ಕೆಟ್ಟದ್ದು. ಆರಂಭದಲ್ಲಿ ಮುಂದಿದ್ದು ಕೊನೆಯಲ್ಲಿ ಹಿಂದೆ ಸರಿಯುವ ಕುದುರೆಯನ್ನು ಸೋಮಾರಿಯೆಂದೂ ಹಟಮಾರಿಯೆಂದೂ ಹೇಳುವುದು ವಾಡಿಕೆ. ಅಂಥ ಕುದುರೆಯ ಬೆನ್ನಿಗೆ ಚಾವಟಿಯ ಏಟು ಬೀಳುತ್ತದೆ. ಅದು ಉಸಿರುಗಟ್ಟಿ ನಿಲ್ಲುತ್ತಿದೆ ಎಂದಾದರೆ, ಏಟಿನಿಂದ ಗಂಟಲು ತೆರೆಯುವುದೆ? ಹಾಗೆ ತತ್ತರಿಸುವ ಕುದುರೆಯ ಮೇಲೆ, ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ, ಒಬ್ಬ ಸವಾರನೂ ಕೂತಿರುತ್ತಾನೆ ಎಂಬುದನ್ನು ಮರೆಯಬಾರದು. ಪಂದ್ಯದ ಕುದುರೆಗಷ್ಟೇ ಅಲ್ಲ, ದಸರೆಯ ಮೆರವಣಿಗೆಯಲ್ಲಿ ಸಾಗುವ ಮೈಸೂರಿನ ಅಶ್ವಾರೋಹಿ ದಳದ ಕುದುರೆಗೂ, ಜಟಕಾಬಂಡಿಯನ್ನು ಎಳೆಯುವ ಬಡಕುದುರೆಗೂ ಗಂಟಲಿನ ರಚನೆ ಒಂದೇ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿನಂಥ ಸಂಸ್ಥೆಗಳಲ್ಲಿ ವಿದ್ಯೆ ಕಲಿಯಲು ಹೊರಡುವ ತರುಣರು ಈ ಮಾತನ್ನು ನೆನಪಿನಲ್ಲಿಡಬೇಕು. ದುಬಾರಿ ಉಪಕರಣ ಎಲ್ಲ ಕಡೆಯೂ ದೊರೆಯಲಾರದು. ಆದರೆ ಕುದುರೆಯನ್ನು ನಾಲ್ಕು ಹೆಜ್ಜೆ ಓಡಿಸಿ, ಅದರ ಮುಂಗಾಲನ್ನು ನೋಡುತ್ತ ಉಸಿರಿಗೆ ಕಿವಿಗೊಡುವುದಕ್ಕೆ ಯಾವ ಖರ್ಚೂ ಇಲ್ಲ.

ರಾಂಪುರದಿಂದ ಅನತಿದೂರದಲ್ಲಿ, ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ, ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಜೀವಿಗಳಲ್ಲಿ ದಯೆ ದೃಢವಾಗಿರಬೇಕೆಂಬ ಉಪದೇಶ ಅದರಲ್ಲಿದೆ. ಗಿರ್ನಾರ್ ಮೊದಲಾದ ಕಡೆಗಳಲ್ಲಿರುವ ತನ್ನ ಇನ್ನೊಂದು ಶಾಸನದಲ್ಲಿ ಅದೇ ದೊರೆ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದಾಗಿ ಹೇಳಿಕೊಂಡಿದ್ದಾನೆ. ಮಾತು ಬಾರದ ಪ್ರಾಣಿ ತನಗೆ ಎಲ್ಲಿ ನೋಯುತ್ತದೆಂದು ಹೇಳಲಾರದು. ಓಡುತ್ತಿರುವಾಗ ತನ್ನ ಉಸಿರು ಕಟ್ಟುತ್ತಿದೆಯೆಂದೂ ಹೇಳಲಾರದು. ಅದನ್ನು ಅದು ಓಡುತ್ತಿರುವಾಗಲೇ ನೋಡಿ ತಿಳಿದುಕೊಳ್ಳುವುದು ನಮ್ಮ ಕೆಲಸ.